ಎಣಿಕೆ ಹಾಳೆಗೆ ಸಹಿ ಹಾಕಿದವರು

ಅಕ್ಕ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಒಂದು ಬಟ್ಟೆಯ ಚೀಲ, ಅದರೊಳಗೆ ಏಳನೇ ತರಗತಿಯ ಗಣಿತದ ಉತ್ತರ ಪತ್ರಿಕೆಗಳ ಒಂದು ಕಟ್ಟು. ಬದಲಿಸಲು ಇನ್ನೊಂದು ಜೊತೆ ಬಟ್ಟೆಯನ್ನೂ ತಂದಿರಲಿಲ್ಲ. ಒಳಗೆ ಬಂದವಳೇ ನೀರು ಕೇಳಿ ಕುಡಿದಳು. ಅಡುಗೆಮನೆಯ ಮೇಜಿನ ಮೇಲೆ ಕಟ್ಟು ಬಿಚ್ಚಿ, ನಡುವಿನಿಂದ ಒಂದು ಹಾಳೆ ಎಳೆದು ನನ್ನ ಮುಂದಿಟ್ಟಳು.

"ಗಡಿಯಲ್ಲಿ ತಪಾಸಣೆ ಮಾಡಲಿಲ್ವಾ?" ಎಂದು ಕೇಳಿದೆ.

"ಮಾಡಿದ. ನಾಲ್ಕು ಪತ್ರಿಕೆ ತಿರುವಿದ, ಭಿನ್ನರಾಶಿ ನೋಡಿ ಮುಖ ಸಿಂಡರಿಸಿಕೊಂಡು ವಾಪಸ್ ಕೊಟ್ಟ. ಗಣಿತ ಕಂಡ್ರೆ ಯಾರೂ ಎರಡನೇ ಸಲ ನೋಡಲ್ಲ ಕಣೇ ಗಿಣಿ."

ಗಿಣಿ ಎಂದರೆ ನಾನು. ಚಿಕ್ಕವಳಿದ್ದಾಗ ಯಾರು ಯಾವ ಭಾಷೆಯಲ್ಲಿ ಏನೇ ಅಂದರೂ ಅದನ್ನು ಹಾಗೆಯೇ ಒಪ್ಪಿಸುತ್ತಿದ್ದೆ, ಅದಕ್ಕೆ ಅಕ್ಕ ಇಟ್ಟ ಹೆಸರು. ದೊಡ್ಡವಳಾದ ಮೇಲೆ ಅದೇ ನನ್ನ ಹೊಟ್ಟೆಪಾಡಾಯಿತು. ನಾನು ನಮ್ಮ ದೇಶದ ವಿದೇಶಾಂಗ ಕಚೇರಿಯಲ್ಲಿ ದುಭಾಷಿ. ಅಕ್ಕ ಮದುವೆಯಾಗಿ ನದಿಯಾಚೆಯ ದೇಶಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಭಾವ ಅಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರ್. ಮಕ್ಕಳಿಲ್ಲ. ಸೇತುವೆ ದಾಟಿದರೆ ಬಸ್ಸಿನಲ್ಲಿ ಮೂರು ಗಂಟೆಯ ಹಾದಿ ಅಷ್ಟೇ. ಆದರೂ ವರ್ಷಕ್ಕೆ ಎರಡು ಸಲ ಮುಖ ನೋಡಿಕೊಂಡರೆ ಹೆಚ್ಚು.

ನನ್ನ ಮುಂದಿದ್ದದ್ದು ಅವಳ ಶಾಲೆಯ ಮತಗಟ್ಟೆಯ ಎಣಿಕೆ ಹಾಳೆ. ಆ ಸಲದ ಚುನಾವಣೆಯಲ್ಲಿ ಅವಳೇ ಅಲ್ಲಿನ ಮತಗಟ್ಟೆ ಅಧಿಕಾರಿ. ಪಟ್ಟಿಯಲ್ಲಿ ಎಂಟುನೂರ ನಲವತ್ತಾರು ಮತದಾರರು. ಮತ ಹಾಕಿದವರು ಏಳುನೂರ ಮೂವತ್ತೊಂದು. ವಿರೋಧಿ ಅಭ್ಯರ್ಥಿಗೆ ಐನೂರ ಇಪ್ಪತ್ತೆಂಟು, ಅಧ್ಯಕ್ಷರಿಗೆ ನೂರ ತೊಂಬತ್ತೊಂದು, ತಿರಸ್ಕೃತ ಹನ್ನೆರಡು. ಕೆಳಗೆ ಸಹಿಗಳು: ಅಕ್ಕನದು, ಎರಡನೇ ಅಧಿಕಾರಿಯಾಗಿದ್ದ ಪೋಸ್ಟ್‌ಮ್ಯಾನ್‌ನದು, ಅಧ್ಯಕ್ಷರ ಪಕ್ಷದ ಏಜೆಂಟಾಗಿ ಕೂತಿದ್ದ ಟೈಲರನದು. ವಿರೋಧ ಪಕ್ಷದ ಏಜೆಂಟನನ್ನು ಮಧ್ಯಾಹ್ನವೇ ಹೊರಗೆ ಕಳಿಸಿದ್ದರಂತೆ.

"ಅವರ ಕಡೆಯವನೇ ಸಹಿ ಹಾಕಿದನಾ?"

"ಹಾಕಿದ. ನಮ್ಮೋರು ಸೋತ್ರು ಟೀಚರೇ, ಸೋತದ್ದನ್ನ ಸೋತ್ರು ಅನ್ನದೆ ಇನ್ನೇನನ್ನೋದು ಅಂದ. ಪಾಪದ ಮನುಷ್ಯ."

ಎರಡು ದಿನದ ಬಳಿಕ ಜಿಲ್ಲಾ ಕಚೇರಿಯ ಪಟ್ಟಿ ಹೊರಬಿತ್ತು. ಅದರಲ್ಲಿ ಅದೇ ಮತಗಟ್ಟೆಯಲ್ಲಿ ಅಧ್ಯಕ್ಷರಿಗೆ ಎಂಟುನೂರ ಅರವತ್ತೊಂಬತ್ತು, ಎದುರಾಳಿಗೆ ನಲವತ್ತನಾಲ್ಕು. ಅಧಿಕಾರಿಯೊಬ್ಬ ಹೊಸ ಹಾಳೆ ತಂದು ಅಕ್ಕನಿಗೆ ಸಹಿ ಹಾಕಲು ಹೇಳಿದ.

"ಒಟ್ಟು ಒಂಬೈನೂರ ಹದಿಮೂರು ಆಗುತ್ತೆ, ಮತದಾರರೇ ಅಷ್ಟಿಲ್ಲ ಅಂದೆ. ಸತ್ತೋರೆಲ್ಲ ಎದ್ದು ಬಂದು ಸಾಲಲ್ಲಿ ನಿಂತ್ರೂ ಆಗಲ್ಲ, ನಮ್ಮೂರ ಸ್ಮಶಾನ ಅಷ್ಟು ದೊಡ್ಡದಿಲ್ಲ ಅಂದೆ. ಅವನಿಗೂ ನಗು ಬಂತು. ನಾಳೆ ಬರ್ತೀನಿ, ಅಷ್ಟರಲ್ಲಿ ಯೋಚನೆ ಮಾಡಿ ಅಂದ. ಯೋಚನೆ ಮಾಡಿದೆ. ಇಲ್ಲಿಗೆ ಬಂದೆ."

ಅವಳು ಬಂದದ್ದಕ್ಕೆ ಕಾರಣವಿತ್ತು. ಆ ದೇಶವನ್ನು ಸುತ್ತುವರಿದ ಐದು ದೇಶಗಳ ಮಂಡಳಿ ನಮ್ಮ ರಾಜಧಾನಿಯಲ್ಲಿ ಸಭೆ ಸೇರುವುದಿತ್ತು. ಫಲಿತಾಂಶವನ್ನು ಒಪ್ಪಬೇಕೋ ಬಾರದೋ ಎಂಬುದೇ ಅಲ್ಲಿನ ವಿಷಯ. ದುಭಾಷಿಯರಲ್ಲಿ ನಾನೂ ಒಬ್ಬಳು ಎಂಬುದು ಅಕ್ಕನಿಗೆ ಗೊತ್ತಿತ್ತು. ತಂಗಿ ಅಷ್ಟು ದೊಡ್ಡವರ ನಡುವೆ ಕೂರುತ್ತಾಳೆ, ಹಾಳೆ ಅವರ ಕೈಗೆ ಸೇರುತ್ತದೆ, ನೋಡಿದವರಿಗೆ ಅರ್ಥವಾಗುತ್ತದೆ. ಅವಳ ಲೆಕ್ಕ ಇಷ್ಟು ಸರಳವಾಗಿತ್ತು.

ನಾನು ನಮ್ಮ ವಿಭಾಗದ ಕಾರ್ಯದರ್ಶಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಹದಿನೈದು ವರ್ಷ ಅವರ ಮಾತನ್ನು ನನ್ನ ಬಾಯಲ್ಲಿ ಆಡಿದ್ದೇನೆ, ಒಂದು ದಿನವೂ ಗದರಿದವರಲ್ಲ. ಮರುದಿನ ಕಚೇರಿ ಮುಗಿಸಿ ತಾವೇ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ, ಅಕ್ಕನ ಉತ್ತರ ಪತ್ರಿಕೆಗಳನ್ನು ಸ್ವಲ್ಪ ಬದಿಗೆ ಸರಿಸಿಕೊಂಡು ಕೂತರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಸುಳ್ಳು ಅಂತ ನಾನು ಹೇಳಲ್ಲ ಮೇಡಂ," ಎಂದರು. "ನಮ್ಮ ವೀಕ್ಷಕರೂ ಇದನ್ನೇ ಬರೆದಿದ್ದಾರೆ. ಆದ್ರೆ ಕಷ್ಟ ಎಲ್ಲಿದೆ ಅಂತ ಕೇಳಿ. ನಮ್ಮ ಕರೆಂಟಲ್ಲಿ ಅರ್ಧ ನಿಮ್ಮ ಅಣೆಕಟ್ಟಿಂದ ಬರುತ್ತೆ. ನಮ್ಮ ಎಂಬತ್ತು ಸಾವಿರ ಜನ ನಿಮ್ಮ ಗಣಿಗಳಲ್ಲಿ ದುಡೀತಿದ್ದಾರೆ. ನಾವು ಬಾಯಿಬಿಟ್ಟು ನಿಮ್ಮ ಅಧ್ಯಕ್ಷನ್ನ ಕಳ್ಳ ಅಂದ್ರೆ ನಾಳೆ ಬೆಳಿಗ್ಗೆ ಅಷ್ಟೂ ಜನರನ್ನ ತಂದು ಸೇತುವೆ ಮೇಲೆ ನಿಲ್ಲಿಸ್ತಾನೆ. ಅವನಿಗೇನೂ ಆಗಲ್ಲ. ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗಾಗುತ್ತೆ."

"ಗಡಿ ಮುಚ್ಚಿ, ದಂಡು ಕಳಿಸಿ ಅಂತ ನಾನು ಕೇಳ್ತಿಲ್ಲ ಸಾರ್," ಎಂದಳು ಅಕ್ಕ. "ಪಕ್ಕದ ಮನೇಲಿ ಕಳ್ಳತನ ಆದ್ರೆ ನೀವು ಪೊಲೀಸರಾಗಬೇಕಿಲ್ಲ. ಕಳ್ಳನ ಕೈ ಕುಲುಕಿ ಶಹಬ್ಬಾಸ್ ಅನ್ನದೇ ಇದ್ರೆ ಸಾಕು. ಮತಗಟ್ಟೆ ಹಾಳೆಗಳನ್ನೆಲ್ಲ ತೋರಿಸಿ, ನೋಡಿದ ಮೇಲೆ ಅಭಿನಂದನೆ ಹೇಳ್ತೀವಿ ಅನ್ನಿ. ಅಷ್ಟೇ."

"ತೋರಿಸದಿದ್ರೆ?"

"ಹೇಳಬೇಡಿ. ಒಂದು ವಾರದಿಂದ ನಮ್ಮೂರ ಪೊಲೀಸರು ಯಾರ ಬಾಗಿಲೂ ತಟ್ಟಿಲ್ಲ, ಗೊತ್ತಾ? ಅವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಅಲ್ಲ. ನೀವೇನಂತೀರೋ ಅಂತ ಕಾಯ್ತಿದ್ದಾರೆ."

ಕಾರ್ಯದರ್ಶಿ ತಣ್ಣಗಾದ ಟೀ ಕುಡಿದು ಲೋಟ ತಾವೇ ಎದ್ದು ತೊಟ್ಟಿಯಲ್ಲಿಟ್ಟರು. "ಹಾಳೆಯನ್ನ ಮಂಡಳಿ ಮುಂದೆ ಇಡ್ತೀನಿ. ಅಷ್ಟು ಮಾತು ಕೊಡ್ತೀನಿ," ಎಂದು ಅದನ್ನು ಫೈಲಿನಲ್ಲಿಟ್ಟುಕೊಂಡು ಹೋದರು. ಅಕ್ಕ ಆ ರಾತ್ರಿ ಒಂದು ವಾರದಲ್ಲಿ ಮೊದಲ ಬಾರಿಗೆ ನಿದ್ದೆ ಮಾಡಿದಳು.

ಮಾತು ಕೊಟ್ಟ ಹಾಗೆ ಇಟ್ಟರು. ಫಲಿತಾಂಶ ಬಂದ ಹನ್ನೊಂದನೇ ದಿನ ಸಭೆ ನಡೆಯಿತು. ಉದ್ದನೆಯ ಮೇಜು, ಐದು ನಿಯೋಗಗಳು. ಹಿಂದಿನ ಸಾಲಿನಲ್ಲಿ ನದಿಯಾಚೆಯ ದೇಶದ ರಾಯಭಾರಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೂತಿದ್ದ. ಗೋಡೆಯ ಬದಿಯ ಗಾಜಿನ ಗೂಡಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾನು. ಹಾಳೆಯ ಪ್ರತಿಗಳು ಎಲ್ಲರ ಮುಂದೆಯೂ ಇದ್ದವು. ಒಬ್ಬರು ಅದರ ಮೇಲೆ ನೀರಿನ ಲೋಟ ಇಟ್ಟಿದ್ದರು.

ಐದರಲ್ಲಿ ತೀರಾ ಚಿಕ್ಕ ದೇಶದಿಂದ ಬಂದವರು ಒಬ್ಬ ಮುದುಕ. ಕೋಲೂರಿ ನಡೆಯುವವರು, ಕಿವಿಯೂ ಮಂದ. ಎಲ್ಲರೂ ಮಾತಾಡಿ ಮುಗಿಸುವವರೆಗೆ ಅವರು ಆ ಹಾಳೆಯನ್ನೇ ಓದುತ್ತಿದ್ದರು, ಪೆನ್ಸಿಲ್ ಹಿಡಿದು ಕೂಡಿ ನೋಡಿದ್ದೂ ನನಗೆ ಕಂಡಿತು. ಬಳಿಕ ಕೇಳಿದರು: "ಈ ಹಾಳೆ ಬರೆದ ಟೀಚರ್ ಎಲ್ಲಿದ್ದಾರೆ? ಕರೆಸಿ ಕೇಳಬಹುದಲ್ಲ?"

ಅವರದು ನದಿಯಾಚೆಯವರ ಭಾಷೆಯೇ. ನಾನು ಅದನ್ನು ನಮ್ಮ ಭಾಷೆಗೆ ತಂದು ಕಾರ್ಯದರ್ಶಿಯ ಕಿವಿಗೆ ಮುಟ್ಟಿಸಿದೆ. ಅವರು ಗಾಜಿನ ಕಡೆ ತಿರುಗಲಿಲ್ಲ. ಮೈಕಿನ ಕಡೆ ಬಾಗಿ ಹೇಳಿದರು: "ಆ ಬಗ್ಗೆ ನಮಗೆ ಖಚಿತ ಮಾಹಿತಿ ಇಲ್ಲ."

ಅಕ್ಕ ಆ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಪತ್ರಿಕೆ ತಿದ್ದುತ್ತಿದ್ದಳು. ಕಚೇರಿಯಿಂದ ಅಲ್ಲಿಗೆ ನಡೆದು ಹೋದರೆ ಇಪ್ಪತ್ತು ನಿಮಿಷ.

ದುಭಾಷಿಗೆ ಸ್ವಂತ ಮಾತಿಲ್ಲ. ಆಡಿದವರು ನಾನು ಎಂದರೆ ನಾವೂ ನಾನು ಎನ್ನಬೇಕು, ನಮಗೆ ಎಂದರೆ ನಮಗೆ ಎನ್ನಬೇಕು. ನಾನು ಮೈಕಿನ ಗುಂಡಿ ಒತ್ತಿ ಮುದುಕನ ಭಾಷೆಯಲ್ಲಿ, ನನ್ನದೇ ದನಿಯಲ್ಲಿ ಹೇಳಿದೆ: "ಆ ಬಗ್ಗೆ ನಮಗೆ ಖಚಿತ ಮಾಹಿತಿ ಇಲ್ಲ." ದನಿ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ರಾಯಭಾರಿಯ ಎದುರು ಅಕ್ಕನನ್ನು ಬಚ್ಚಿಡಲೆಂದು ಕಾರ್ಯದರ್ಶಿ ಹಾಗೆ ಹೇಳಿದರೋ, ಮುದುಕನ ಬಾಯಿ ಮುಚ್ಚಿಸಲೆಂದು ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಎರಡೂ ಇರಬಹುದು. ಮುದುಕ ಮಾತ್ರ ತಲೆಯೆತ್ತಿ ಗಾಜಿನ ಗೂಡಿನ ಕಡೆ ನೋಡಿದರು. ಹೇಳಿದವಳು ನಾನೇ ಎಂಬಂತೆ.

ಸಂಜೆಗೆ ಹೇಳಿಕೆ ಸಿದ್ಧವಾಯಿತು. ಅದನ್ನು ಆಚೆಯವರ ಭಾಷೆಗೆ ಇಳಿಸಿದವಳೂ ನಾನೇ. 'ಕೆಲವು ತಾಂತ್ರಿಕ ಲೋಪಗಳ ಹೊರತಾಗಿಯೂ ಚುನಾವಣೆಯು ಒಟ್ಟಾರೆಯಾಗಿ ಜನತೆಯ ಆಶಯವನ್ನು ಪ್ರತಿಬಿಂಬಿಸಿದೆ. ಗೌರವಾನ್ವಿತ ಅಧ್ಯಕ್ಷರಿಗೆ ಅಭಿನಂದನೆಗಳು.' ನಾಲ್ಕು ದೇಶಗಳು ಸಹಿ ಹಾಕಿದವು. ಮುದುಕ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಕೋಲು ಹಿಡಿದು ಎದ್ದು, "ಕೂಡಿದ್ರೆ ತಾಳೆ ಆಗ್ತಿಲ್ಲ ಸ್ವಾಮಿ," ಎಂದಷ್ಟೇ ಹೇಳಿ ಹೊರಟುಹೋದರು.

ಮನೆಗೆ ಬಂದಾಗ ಅಕ್ಕ ಕೆಂಪು ಪೆನ್ನು ಹಿಡಿದೇ ಬಾಗಿಲಿಗೆ ಬಂದಳು.

"ಏನಾಯ್ತೇ?"

ಚೀಲದಿಂದ ಹೇಳಿಕೆಯ ಪ್ರತಿ ತೆಗೆದು ಕೊಟ್ಟೆ. ನಿಂತೇ ಓದಿದಳು. ಎರಡನೇ ಸಲ ಕೂತು ಓದಿದಳು.

"ಈ ಒಟ್ಟಾರೆಯಾಗಿ ಅನ್ನೋ ಪದ ಹಾಕಿದ್ದು ನೀನಾ?"

"ಮೂಲದಲ್ಲಿ ಇತ್ತು ಅಕ್ಕ. ನಾನು ಬರೀ…"

"ಒಳ್ಳೇ ಪದ. ಒಟ್ಟಾರೆ ಅಂದುಬಿಟ್ರೆ ಹಂತ ತೋರಿಸಬೇಕಾಗಿಲ್ಲ. ನಮ್ಮ ಮಕ್ಕಳು ಹಂತ ಬರೀದೆ ಉತ್ತರ ಬರೆದ್ರೆ ನಾನು ಸೊನ್ನೆ ಸುತ್ತುತ್ತೀನಿ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಟೀಚರ್ ಎಲ್ಲಿದ್ದಾರೆ ಎಂದು ಮುದುಕ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಭಾವನ ಫೋನ್ ಬಂತು. ಹೇಳಿಕೆ ರೇಡಿಯೋದಲ್ಲಿ ಬಂದ ಬೆಳಿಗ್ಗೆಯೇ ಪೊಲೀಸರು ಹೊರಟಿದ್ದರು. ಪೋಸ್ಟ್‌ಮ್ಯಾನ್‌ನನ್ನು ಕಾಗದ ವಿಂಗಡಿಸುವ ಮೇಜಿನಿಂದಲೇ ಎಬ್ಬಿಸಿಕೊಂಡು ಹೋದರು. ಟೈಲರನನ್ನು ಅಂಗಡಿಯಿಂದ ಎಳೆದೊಯ್ಯುವಾಗ ಅಳತೆ ಟೇಪು ಇನ್ನೂ ಅವನ ಕೊರಳಲ್ಲೇ ಇತ್ತು. ಇಬ್ಬರೂ ಸೇರಿ ಸುಳ್ಳು ಎಣಿಕೆ ಹಾಳೆ ಸೃಷ್ಟಿಸಿ ವಿದೇಶಕ್ಕೆ ಕಳಿಸಿದರು ಎಂಬುದು ಆರೋಪ.

ಅಕ್ಕ ಫೋನ್ ಇಟ್ಟು ಮತ್ತೆ ಪತ್ರಿಕೆಗಳ ಮುಂದೆ ಕೂತಳು. ಇನ್ನು ಹದಿನಾಲ್ಕು ಉಳಿದಿದ್ದವು. ಒಂದೊಂದನ್ನೂ ತಿದ್ದಿ, ಅಂಕ ಕೂಡಿ, ಮೇಲೆ ಬರೆದಳು. ಕಟ್ಟು ಕಟ್ಟಿ, "ಎರಡು ಗಂಟೆ ಬಸ್ಸಿಗೆ ಹೋಗ್ತೀನಿ," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ? ನೀನು ಹೋದ್ರೆ ಅವರನ್ನ ಬಿಡ್ತಾರೆ ಅಂದ್ಕೊಂಡಿದೀಯಾ?"

"ಬಿಡ್ತಾರೋ ಇಲ್ವೋ. ಬರೆದೋಳು ನಾನು, ಅಕ್ಷರ ನಂದು. ಅವರು ಬರೀಲಿಲ್ಲ ಅಂತ ಹೇಳೋಕೆ ನನ್ನ ಬಿಟ್ರೆ ಯಾರಿದ್ದಾರೆ? ಅವರನ್ನ ಒಳಗಿಟ್ಟು ನಾನಿಲ್ಲಿ ನಿನ್ನ ಕೈ ಅಡುಗೆ ತಿಂತಾ ಕೂತ್ಕೊಳ್ಳಾ? ಅದೂ ನಿನ್ನ ಕೈ ಅಡುಗೆ!"

"ತಮಾಷೆ ಮಾಡ್ಬೇಡ ಅಕ್ಕ."

"ಮತ್ತೇನ್ ಮಾಡ್ಲಿ?" ಎಂದಳು. ಆಗ ಅವಳ ದನಿ ಒಡೆಯಿತು. "ಸಹಿ ಹಾಕೋವಾಗ ಟೈಲರ್ ಕೇಳಿದ ಕಣೇ, ಏನೂ ಆಗಲ್ವಲ್ಲ ಟೀಚರೇ ಅಂತ. ಏನಾಗುತ್ತೆ, ಸರಿಯಾದ ಲೆಕ್ಕಕ್ಕೆ ತಾನೇ ಸಹಿ ಹಾಕ್ತಿರೋದು ಅಂದೆ."

ಸೇತುವೆಯ ನಡುವೆ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದಾರೆ. ಅಲ್ಲಿಯವರೆಗೆ ಜೊತೆಗೆ ಹೋದೆ. ನನ್ನದೊಂದು ಸ್ವೆಟರ್ ಅವಳ ಹೆಗಲಿಗೆ ಹಾಕಿದೆ. ಗೆರೆಯ ಹತ್ತಿರ ನಾನು ಸಭೆಯ ಮಾತನ್ನು ಹೇಳಿದೆ. ಗೊತ್ತಿಲ್ಲ ಎಂದೆ ಅಕ್ಕ, ನೀನು ಎಲ್ಲಿದ್ದೀಯ ಎಂದು ಗೊತ್ತಿಲ್ಲ ಎಂದು ನನ್ನ ಬಾಯಿಂದಲೇ ಹೇಳಿದೆ. ಅವಳು ಸ್ವೆಟರನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ನಿಂಗೂ ಹೊಟ್ಟೆಪಾಡು ಇದೆ," ಎಂದಳು. ಅದು ಕ್ಷಮೆಯೋ ಅಲ್ಲವೋ ನಾನು ಕೇಳಲಿಲ್ಲ. "ಭಾವಂಗೆ ಫೋನ್ ಮಾಡು. ನೀರು ಕಾಯಿಸಿಡೋಕೆ ಹೇಳು, ಸ್ನಾನ ಮಾಡ್ಬೇಕು," ಎಂದು ನಡೆದುಬಿಟ್ಟಳು.

ಒಂದು ರಾತ್ರಿ ಅವಳು ತನ್ನ ಮನೆಯಲ್ಲಿ ಮಲಗಿದಳು. ಬೆಳಿಗ್ಗೆ ಶಾಲೆಗೆ ಹೋಗಿ ಉತ್ತರ ಪತ್ರಿಕೆಗಳನ್ನು ಒಪ್ಪಿಸಿ, ಅಲ್ಲಿಂದ ಠಾಣೆಗೆ ತಾನೇ ನಡೆದುಕೊಂಡು ಹೋದಳು.

ವಿಚಾರಣೆಗೆ ನಾನು ರಜೆ ಹಾಕಿ ಹೋದೆ. ಟೈಲರನ ಎಡಗೈ ಬೆರಳುಗಳಿಗೆ ಬಟ್ಟೆ ಸುತ್ತಿದ್ದರು. ಅವನು ಲಿಖಿತ ಹೇಳಿಕೆ ಕೊಟ್ಟಿದ್ದ: ಎಣಿಕೆ ನಾನು ನೋಡಲಿಲ್ಲ, ಟೀಚರ್ ಬೆದರಿಸಿ ಸಹಿ ಹಾಕಿಸಿದರು. ಅದನ್ನು ಓದುವಾಗ ಅವನು ನೆಲ ನೋಡುತ್ತಿದ್ದ. ಪೋಸ್ಟ್‌ಮ್ಯಾನ್ ಯಾವ ಹೇಳಿಕೆಯನ್ನೂ ಕೊಟ್ಟಿರಲಿಲ್ಲ. ಮುಂಗೋಪಿಯೆಂದು ಹೆಸರಾದ ಆ ಮನುಷ್ಯ ತುಟಿ ಬಿಗಿದು ನಿಂತಿದ್ದ.

ನ್ಯಾಯಾಧೀಶರು ಅಕ್ಕನನ್ನು ಕೇಳಿದರು, "ಇದು ನಿಜವೇ? ಬಲವಂತವಾಗಿ ಸಹಿ ಹಾಕಿಸಿದಿರಾ?"

ಒಂದು ಅಂಕಿ ಬದಲಿಸು ಎಂದದ್ದಕ್ಕೆ ಮನೆ ಬಿಟ್ಟು ಬಂದವಳು ಇದಕ್ಕೇನು ಹೇಳುತ್ತಾಳೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಕ್ಕ ಟೈಲರನ ಕೈ ನೋಡಿದಳು.

"ಹೌದು," ಎಂದಳು. "ನಾನೇ ಹೆದರಿಸಿ ಹಾಕಿಸಿದೆ. ಅವರಿಗೇನೂ ಗೊತ್ತಿಲ್ಲ."

ಟೈಲರ್ ಥಟ್ಟನೆ ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ಪಕ್ಕದ ಪೊಲೀಸ್ ಅವನ ತೋಳು ಹಿಡಿದ. ಅವನನ್ನು ಅಂದೇ ಬಿಟ್ಟರು. ಪೋಸ್ಟ್‌ಮ್ಯಾನ್‌ಗೆ ಎರಡು ವರ್ಷ. ಅಕ್ಕನಿಗೆ ನಾಲ್ಕು.

ಆಚೆಯ ದಿನಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು: ಶಿಕ್ಷಕಿಯ ತಪ್ಪೊಪ್ಪಿಗೆ. ಆ ತುಣುಕು ಮೂರನೇ ದಿನ ನನ್ನ ಮೇಜಿಗೆ ಬಂತು, ಅನುವಾದಿಸಿ ಫೈಲಿಗೆ ಸೇರಿಸಲು. ಮಾಡಿ ಕೊಟ್ಟೆ. ಕಾರ್ಯದರ್ಶಿ ಓದಿ ಕನ್ನಡಕ ತೆಗೆದರು. ಅವರ ಮುಖದಲ್ಲಿ, ಹೊತ್ತ ಮೂಟೆ ಇಳಿಸಿದವರ ಹಾಗೆ, ಒಂದು ಸಡಿಲಿಕೆ ಕಂಡಿತು.

"ಒಪ್ಪಿಕೊಂಡಿದ್ದಾರೆ," ಎಂದರು.

"ಅದು ಸುಳ್ಳು ಸಾರ್. ಆ ಹಾಳೇನ ನೀವೇ ಕೈಯಲ್ಲಿ ಹಿಡಿದು ನೋಡಿದ್ರಿ."

"ಗೊತ್ತು," ಎಂದರು. ಕನ್ನಡಕ ಒರೆಸುತ್ತಲೇ ಇದ್ದರು. "ಗಣಿಯವರು ಯಾರೂ ಕೆಲಸ ಕಳ್ಕೊಳ್ಳಲಿಲ್ಲ, ನೋಡಿ. ಅದೊಂದು ಸಮಾಧಾನ."

ಅದೂ ನಿಜವೇ. ಸಹಿ ಹಾಕದ ಆ ಪುಟ್ಟ ದೇಶದ ಗತಿ ನಾನು ದಿನವೂ ಓದುತ್ತಿದ್ದೆ. ಅವರ ರಸ್ತೆಯನ್ನು ಅಧ್ಯಕ್ಷರು ನಲವತ್ತು ದಿನ ಮುಚ್ಚಿಸಿದರು. ಅಲ್ಲಿ ಪೆಟ್ರೋಲಿಗೆ, ಔಷಧಿಗೆ ಜನ ಸಾಲು ನಿಂತರು. ಮುದುಕನನ್ನು ಬೈದರು, ಕೊನೆಗೆ ಅವರ ಹುದ್ದೆಯೂ ಹೋಯಿತು. ಆದರೂ ಪೋಸ್ಟ್‌ಮ್ಯಾನ್‌ನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟದ ಹಾದಿಯಲ್ಲಿ ಆ ದೇಶ ಸೇರಿದಾಗ ಅವರನ್ನು ಹಿಂದಕ್ಕೆ ಅಟ್ಟಲಿಲ್ಲ. ನಮ್ಮ ಸೇತುವೆಗೆ ಅವಳು ಬರಲೇ ಇಲ್ಲ. ಯಾಕೆ ಬಂದಾಳು?

ನಾನು ಕೆಲಸ ಬಿಡಲಿಲ್ಲ. ಬಿಟ್ಟೆ ಎಂದು ಹೇಳಿದರೆ ಕೇಳುವವರಿಗೆ ಹಿತವಾಗಿರುತ್ತಿತ್ತು. ಗಾಜಿನ ಗೂಡು ಬೇಡ, ಕಾಗದಪತ್ರದ ವಿಭಾಗಕ್ಕೆ ಹಾಕಿ ಎಂದು ಕೇಳಿಕೊಂಡೆ. ಹಾಕಿದರು.

ಜೈಲಿನಲ್ಲಿ ಅಕ್ಕನನ್ನು ಎರಡು ಸಲ ಕಂಡೆ. ಎರಡನೇ ಸಲ ಅವಳು ಕೆಮ್ಮುತ್ತಿದ್ದಳು. ನನ್ನ ಸ್ವೆಟರ್ ಅವಳ ಮೈಮೇಲೆ ಜೋತಾಡುತ್ತಿತ್ತು. ಜಾಲರಿಯ ಆಚೆಯಿಂದ ಮೊದಲು ಭಾವನ ಬಿಪಿ ಮಾತ್ರೆ ವಿಚಾರಿಸಿದಳು, ಆಮೇಲೆ ಆ ಮುದುಕ ಹೇಗಿದ್ದರು ಎಂದು ಕೇಳಿದಳು. ಪೆನ್ಸಿಲ್ ಹಿಡಿದು ಕೂಡಿ ನೋಡಿದರು ಎಂದಾಗ, "ನಿಜವಾಗ್ಲೂ? ಕೂಡಿ ನೋಡಿದ್ರಾ?" ಎಂದು ಮತ್ತೆ ಮತ್ತೆ ಕೇಳಿ ಖುಷಿಪಟ್ಟಳು.

"ಅಕ್ಕ, ಯಾಕೆ ಒಪ್ಕೊಂಡೆ? ಅಷ್ಟು ಹಟ ಹಿಡಿದ ಲೆಕ್ಕವನ್ನ ನೀನೇ ಸುಳ್ಳು ಮಾಡಿದ ಹಾಗಾಯ್ತಲ್ಲ."

ಅವಳು ಕೆಮ್ಮು ನಿಲ್ಲುವವರೆಗೆ ಕಾದಳು. "ಆದ್ರೆ ಆಗ್ಲಿ. ಅವನ ಬೆರಳು ನೋಡಿದ್ಯಲ್ಲ. ಬಟ್ಟೆ ಹೊಲಿದು ಬದುಕೋನು. ಐದು ದೇಶದೋರಿಗೆ ಬೇಡವಾದ ಹಾಳೆ, ಒಬ್ಬ ಟೈಲರ್ ತಲೆ ಮೇಲೆ ನಿಲ್ಲಿಸ್ಲಾ?"

"ಐದಲ್ಲ, ನಾಲ್ಕು," ಎಂದೆ.

"ಹೌದು. ನಾಲ್ಕು. ತಪ್ಪಾಯ್ತು," ಎಂದಳು ಲೆಕ್ಕದ ಟೀಚರ್.

ಶಿಕ್ಷೆಯ ಹನ್ನೊಂದನೇ ತಿಂಗಳಲ್ಲಿ, ಚಳಿಗಾಲದಲ್ಲಿ, ನ್ಯುಮೋನಿಯಾ ಎಂದು ಬರೆದ ಚೀಟಿಯ ಜೊತೆ ಅವಳ ದೇಹವನ್ನು ಭಾವನಿಗೆ ಒಪ್ಪಿಸಿದರು. ಸೇತುವೆ ದಾಟಲು ನನಗೆ ಅನುಮತಿ ಸಿಗುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿತ್ತು. ಭಾವ ಅಕ್ಕನ ಕುರ್ಚಿಯಲ್ಲಿ ಕೂತಿದ್ದರು. ಉಗುರಿನ ಸಂದಿನಲ್ಲಿ ಡಿಪೋದ ಗ್ರೀಸು ಹಾಗೇ ಇತ್ತು. ಮಾತಾಡಿಸಲು ಬಂದವರು ಹೆದರಿ ಹೆದರಿ ಬಂದು, ಎರಡು ನಿಮಿಷ ನಿಂತು ಹೋಗುತ್ತಿದ್ದರು. ಬೀದಿಯ ತಿರುವಿನಲ್ಲಿ ಒಬ್ಬ ಪೊಲೀಸ್ ಬಂದವರ ಹೆಸರು ಬರೆದುಕೊಳ್ಳುತ್ತಿದ್ದ.

ಸಂಜೆ ಕಿಟಕಿಯಿಂದ ನೋಡಿದಾಗ ಗೇಟಿನ ಹೊರಗೆ ಟೈಲರ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ನನಗೆ ಅವನ ಮೇಲೆ ಸಿಟ್ಟೇ ಬಂತು. ಭಾವನಿಗೆ ಹೇಳಬಾರದು ಎಂದುಕೊಂಡೆ. ಆದರೆ ಅವರೇ ನೋಡಿದರು. ಎದ್ದು, ಚಪ್ಪಲಿ ಮೆಟ್ಟದೆ, ಪೊಲೀಸನ ಕಣ್ಣೆದುರಿಗೇ ಅಂಗಳ ದಾಟಿ ಗೇಟಿಗೆ ಹೋದರು.

"ನನ್ನ ಮುಖ ತೋರ್ಸೋಕೆ ಆಗಲ್ಲ ಸಾರ್," ಎಂದ ಟೈಲರ್.

"ಒಳಗೆ ಬಾರಯ್ಯ," ಎಂದರು ಭಾವ. "ನೀನು ನಿನ್ನ ಮನೇಲಿರ್ಲಿ ಅಂತ ತಾನೇ ಅವಳು ಅಷ್ಟು ಮಾಡಿದ್ದು. ಹೀಗೆ ಬೀದೀಲಿ ನಿಂತ್ರೆ ಹೇಗೆ?"

ಅವನ ಎಡಗೈ ಹಿಡಿದು ಒಳಗೆ ಕರೆತಂದರು. ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು. ಅವನು ಗೋಡೆಗೆ ಒರಗಿ ಕೂತು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನಾನು ನೀರು ತಂದು ಕೊಟ್ಟೆ. ಭಾವ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಮೂವರಿಗೂ ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.